ಜೇನು ಯಾರಿಗಾಗಿ?

ಹಲವರು ಸೇರಿ ಮಾಡಿದ ಕೆಲಸ ಕೊನೆಗೆ ಯಾರದು? ಮಾಡಿದವರದೋ, ಹಣ ಕೊಟ್ಟು ಕೊಂಡವರದೋ, ಅದರಿಂದ ಪ್ರಯೋಜನ ಪಡೆಯಬಲ್ಲ ಎಲ್ಲರದೋ? ಅಮೆರಿಕದ ಹಿಪ್-ಹಾಪ್ ತಂಡ ವೂ-ಟ್ಯಾಂಗ್ ಕ್ಲಾನ್‌ನ ಕಥೆ ಈ ಹಳೆಯ ಪ್ರಶ್ನೆಯನ್ನು ಮತ್ತೆ ನಮ್ಮ ಮುಂದಿಡುತ್ತದೆ.

ನ್ಯೂಯಾರ್ಕಿನ ಸ್ಟ್ಯಾಟನ್ ಐಲೆಂಡನ್ನು ನೆಲೆಯಾಗಿಸಿಕೊಂಡ ಈ ತಂಡದ ಮೊದಲ ಆಲ್ಬಮ್ 1993ರಲ್ಲಿ ಬಂತು. 1964ರಲ್ಲಿ ಹಾರ್ಲೆಮ್‌ನಲ್ಲಿ ಹುಟ್ಟಿದ 'ಫೈವ್ ಪರ್ಸೆಂಟ್ ನೇಶನ್' ಪಂಥದ ಪ್ರಭಾವ ಇವರ ಹಾಡುಗಳಲ್ಲಿ ದಟ್ಟವಾಗಿದೆ. ಮನುಷ್ಯನನ್ನೇ ದೇವನೆನ್ನುವ ಆ ಪಂಥದ ನಂಬಿಕೆಯನ್ನು ಇಸ್ಲಾಮ್ ಒಪ್ಪುವುದಿಲ್ಲ. ಆದರೆ ತುಳಿತಕ್ಕೊಳಗಾದ ಕಪ್ಪು ಯುವಕರಲ್ಲಿ ಅದು ಜ್ಞಾನದ ಹಂಬಲವನ್ನೂ ಸ್ವಾಭಿಮಾನವನ್ನೂ ಬಿತ್ತಿತೆಂಬುದನ್ನು ಅಲ್ಲಗಳೆಯಲಾಗದು.

ಆ ಆಲ್ಬಮ್‌ನಲ್ಲಿ ಹಾಡಿದವರು ಒಂಬತ್ತು ಮಂದಿ. ಮುಖಪುಟದಲ್ಲಿ ಮಾತ್ರ ಯಾರ ಮುಖವೂ ಕಾಣದು, ಎಲ್ಲರೂ ಮುಸುಕುಧಾರಿಗಳು. ಎದ್ದು ಕಾಣುವುದು ತಂಡದ ಡಿಜೆ ಮ್ಯಾಥಮ್ಯಾಟಿಕ್ಸ್ ಬರೆದ 'ಡಬ್ಲ್ಯು' ಚಿಹ್ನೆ. 1997ರ 'ಟ್ರಯಂಫ್' ಹಾಡಿನ ವಿಡಿಯೋ ಮುಂದಿನ ಕಾಲದ ಸಿನಿಮಾದಂತಿದೆ. ಅದರಲ್ಲಿ ನಗರದ ಮೇಲೆ ಜೇನ್ನೊಣಗಳ ಹಿಂಡು ಎರಗುತ್ತದೆ. 'ನಾನು' ಕರಗಿ 'ನಾವು' ಆಗುವುದನ್ನು ಹೇಳಲು ಇದಕ್ಕಿಂತ ಒಳ್ಳೆಯ ಚಿತ್ರ ಸಿಗಲಾರದು.

ಮುಂದೆ ಇದೇ ತಂಡ ತನ್ನ ಒಂದು ಆಲ್ಬಮ್‌ನ ಒಂದೇ ಒಂದು ಪ್ರತಿಯನ್ನು ಮಾರಾಟಕ್ಕಿಟ್ಟಿತು. ಮೊರಾಕೊದ ಕುಶಲಕರ್ಮಿಗಳು ಕೆತ್ತಿದ ಪೆಟ್ಟಿಗೆಯಲ್ಲಿ ಅದನ್ನು ಇಡಲಾಗಿತ್ತು. 2103ರವರೆಗೆ ಅದನ್ನು ವಾಣಿಜ್ಯ ಉದ್ದೇಶಕ್ಕೆ ಬಿಡುಗಡೆ ಮಾಡುವಂತಿಲ್ಲ ಎಂಬ ಷರತ್ತೂ ಇತ್ತು. ಇಂಟರ್‌ನೆಟ್‌ನಲ್ಲಿ ಬಿಟ್ಟಿ ಸಿಗುವ ಸಂಗೀತಕ್ಕೆ ಬೆಲೆಯೇ ಉಳಿದಿಲ್ಲ, ಚಿತ್ರಕಲೆಗಿರುವ ಗೌರವ ಅದಕ್ಕೂ ಸಿಗಬೇಕು ಎಂಬುದು ಅವರ ವಾದ. ಇದನ್ನು ಸುಲಭವಾಗಿ ತಳ್ಳಿಹಾಕಲಾಗದು. ದುಡಿದವನಿಗೆ ಕೂಲಿ ಸಿಗಲೇಬೇಕು.

ಆದರೆ ಏನಾಯಿತು? 2015ರಲ್ಲಿ ಅದನ್ನು ಇಪ್ಪತ್ತು ಲಕ್ಷ ಡಾಲರಿಗೆ ಕೊಂಡವರು ಔಷಧೋದ್ಯಮಿ ಮಾರ್ಟಿನ್ ಶ್ಕ್ರೆಲಿ. ರೋಗಿಗಳ ಜೀವ ಉಳಿಸುವ ಮಾತ್ರೆಯೊಂದರ ಬೆಲೆಯನ್ನು ಹದಿಮೂರೂವರೆ ಡಾಲರಿನಿಂದ 750 ಡಾಲರಿಗೆ ಅದೇ ವರ್ಷ ಏರಿಸಿದವರೂ ಅವರೇ. ಹಣದ ಗಣನೀಯ ಪಾಲನ್ನು ದಾನಕ್ಕೆ ಕೊಡಲು ನಿರ್ಧರಿಸಿದ್ದಾಗಿ ತಂಡದ ನಾಯಕ ರಿಝಾ ಹೇಳಿದರು. ಒಳ್ಳೆಯದೇ. ಆದರೆ ಬೀಗ ಬೀಗವಾಗಿಯೇ ಉಳಿಯಿತು. ವಂಚನೆಯ ಪ್ರಕರಣದಲ್ಲಿ ಶ್ಕ್ರೆಲಿಗೆ ಶಿಕ್ಷೆಯಾದ ಬಳಿಕ ಆಲ್ಬಮ್ ಸರಕಾರದ ವಶವಾಗಿ, 2021ರಲ್ಲಿ ಮತ್ತೆ ಮಾರಾಟವಾಯಿತು.

ಪವಿತ್ರ ಕುರ್‌ಆನಿನ ಹದಿನಾರನೆಯ ಅಧ್ಯಾಯಕ್ಕೆ ಜೇನ್ನೊಣದ ಹೆಸರಿದೆ. ಜೇನಿನಲ್ಲಿ ಜನರಿಗೆ ಶಮನವಿದೆ ಎಂದು ಅಲ್ಲಿ ನೆನಪಿಸಲಾಗಿದೆ. ಶಮನವಿರುವುದು ಜನರಿಗೆ, ಅತಿ ಹೆಚ್ಚು ಬೆಲೆ ಕೂಗಿದವನಿಗಲ್ಲ. ಮಾತ್ರೆಗೂ ಹಾಡಿಗೂ ಅನ್ವಯಿಸುವ ಮಾತಿದು.

ಕೂಡಿ ದುಡಿಯುವಾಗ ನಾವು ಮುಖ ಮರೆಸಿಕೊಳ್ಳಬಲ್ಲೆವು, ಹೆಸರು ಬಿಟ್ಟುಕೊಡಬಲ್ಲೆವು. ನಿಜವಾದ ಪರೀಕ್ಷೆ ಎದುರಾಗುವುದು ಫಲ ಕೈಗೆ ಬಂದ ಮೇಲೆ. ಕೂಲಿ ಪಡೆಯುವುದು ನ್ಯಾಯ. ಆದರೆ ಹಿಂಡು ಕೂಡಿಸಿದ್ದನ್ನು ಒಬ್ಬನ ಪೆಟ್ಟಿಗೆಗೆ ಹಾಕಿ ಬೀಗ ಜಡಿಯುವುದು ನ್ಯಾಯವೇ? ನಮ್ಮ ಸಂಘಗಳು, ಸಂಸ್ಥೆಗಳು, ಮನೆಗಳೂ ಕೇಳಿಕೊಳ್ಳಬೇಕಾದ ಪ್ರಶ್ನೆಯಿದು.