ಮೊಮ್ಮಗನಿಗೆ ರಿವಾಲ್ವರ್ ಬಿಟ್ಟುಹೋಗಬಹುದೇ?

ಅಮೆರಿಕದ ಹಳ್ಳಿಗಾಡಿನ ಎಷ್ಟೋ ಮನೆಗಳಲ್ಲಿ ಅಜ್ಜನ ಕೈಗಡಿಯಾರದಂತೆಯೇ ಅಜ್ಜನ ರಿವಾಲ್ವರೂ ಮುಂದಿನ ತಲೆಮಾರಿಗೆ ಹೋಗುತ್ತದೆ. ಹೀಗೆ ಉಳಿಸಿಕೊಳ್ಳಲೆಂದೇ ಕೆಲವರು .22 ರಿಮ್‌ಫೈರ್ ತೋಟಾ ಹಾರಿಸುವ ಡಬಲ್ ಆ್ಯಕ್ಷನ್ ರಿವಾಲ್ವರನ್ನು ಹುಡುಕಿ ಕೊಳ್ಳುತ್ತಾರೆ. ಅದು ಹೆಚ್ಚು ಒದೆಯುವುದಿಲ್ಲ, ಸದ್ದು ಕಡಿಮೆ, ತೋಟಾ ಅಗ್ಗ, ಉಕ್ಕಿನ ಮೈ ಬೇಗ ಸವೆಯುವುದಿಲ್ಲ. ಸ್ಮಿತ್ ಅಂಡ್ ವೆಸನ್ ಕಂಪನಿಯ ಹಳೆಯ ಮಾಡೆಲ್ 17 ಮೇಲೋ, ರೂಗರ್ ಕಂಪನಿಯ ಎಸ್‌ಪಿ101 ಮೇಲೋ ಎಂಬ ಚರ್ಚೆ ಅವರಲ್ಲಿ ಮುಗಿಯುವುದೇ ಇಲ್ಲ. ಆ ಚರ್ಚೆ ಪೊಳ್ಳಲ್ಲ, ಅದಕ್ಕೆ ಮುಂದೆ ಬರುತ್ತೇನೆ. ಆದರೆ ಅದಕ್ಕೂ ಮೊದಲು ಎತ್ತಬೇಕಾದ ಪ್ರಶ್ನೆ ಒಂದಿದೆ. ಕೊಲ್ಲಬಲ್ಲ ವಸ್ತುವೊಂದನ್ನು, ಅವನು ಯಾರು, ಎಂಥವನು ಎಂದು ತಿಳಿಯುವ ಮೊದಲೇ, ಇನ್ನೂ ಹುಟ್ಟದವನ ಹೆಸರಿಗೆ ತೆಗೆದಿಡಬಹುದೇ?

ಆಯುಧವನ್ನು ಯಾವಾಗ ಬಳಸಬಹುದು ಎಂದು ಯೋಚಿಸಿದ ಧರ್ಮಗಳು ಹಲವು. ಆಯುಧವನ್ನು ಕೊಡುವುದರ ಬಗ್ಗೆ, ಇಡುವುದರ ಬಗ್ಗೆ, ಇಷ್ಟು ನಿಖರವಾಗಿ ಯೋಚಿಸಿದವರು ಜೈನ ಆಚಾರ್ಯರು. ಹಾಗಾಗಿ ಈ ಪ್ರಶ್ನೆಯನ್ನು ಅವರ ಮುಂದೆ ಇಡುವುದು ಸರಿ ಎಂದು ನನಗೆ ತೋರುತ್ತದೆ. ಸಮಂತಭದ್ರರು ರತ್ನಕರಂಡಕ ಶ್ರಾವಕಾಚಾರದಲ್ಲಿ ಗೃಹಸ್ಥರ ವ್ರತಗಳನ್ನು ಹೇಳುತ್ತ, ಯಾವ ಪ್ರಯೋಜನವೂ ಇಲ್ಲದೆ ಆಗುವ ಕೇಡನ್ನು ಐದು ಬಗೆಯಾಗಿ ವಿಂಗಡಿಸುತ್ತಾರೆ. ಅದರಲ್ಲೊಂದು ಹಿಂಸಾದಾನ, ಕೊಲೆಗೆ ಕಾರಣವಾಗಬಲ್ಲ ಸಾಧನಗಳನ್ನು ಇನ್ನೊಬ್ಬರಿಗೆ ಕೊಡುವುದು. ಅವರ ಪಟ್ಟಿಯಲ್ಲಿ ಕತ್ತಿಯ ಜೊತೆಗೆ ಕೊಡಲಿ, ಗುದ್ದಲಿ, ಬೆಂಕಿಯೂ ಇವೆ. ಗುದ್ದಲಿಯಿಲ್ಲದೆ ಒಕ್ಕಲುತನ ನಡೆಯದು, ಬೆಂಕಿಯಿಲ್ಲದೆ ಒಲೆ ಉರಿಯದು. ಅವನ್ನೂ ಆ ಪಟ್ಟಿಗೆ ಸೇರಿಸಿದ್ದಾರೆಂದರೆ ದೋಷ ವಸ್ತುವಿನಲ್ಲಿಲ್ಲ, ಏತಕ್ಕೆಂದು ನೋಡದೆ ಅದನ್ನು ಕೈ ದಾಟಿಸುವುದರಲ್ಲಿದೆ ಎಂದೇ ಆಯಿತು. ಈ ಪರಂಪರೆ ಆಯುಧ ಕಂಡೊಡನೆ ಮುಖ ತಿರುಗಿಸಿದ್ದೂ ಅಲ್ಲ. ಶ್ರವಣಬೆಳಗೊಳದಲ್ಲಿ ಗೊಮ್ಮಟನನ್ನು ನಿಲ್ಲಿಸಿದ ಚಾವುಂಡರಾಯ ಗಂಗರ ಸೇನಾನಿಯಾಗಿದ್ದವನು.

ಇನ್ನೂ ಮುಖ್ಯವಾದ ಮಾತು ತತ್ತ್ವಾರ್ಥಸೂತ್ರದಲ್ಲಿದೆ. ಅಲ್ಲಿ ಹಿಂಸೆಯ ಲಕ್ಷಣ ಹೇಳುವಾಗ ಪ್ರಾಣಹಾನಿಗಿಂತ ಮೊದಲು ಬರುವುದು ಪ್ರಮಾದ, ಅಂದರೆ ಎಚ್ಚರಗೇಡಿತನ. ಅಮೃತಚಂದ್ರರು ಪುರುಷಾರ್ಥಸಿದ್ಧ್ಯುಪಾಯದಲ್ಲಿ ಇದನ್ನು ಕೊನೆಯವರೆಗೂ ಎಳೆದು ನೋಡುತ್ತಾರೆ: ಎಚ್ಚರದಿಂದ ನಡೆಯುವವನಿಂದ ಜೀವವೊಂದು ಸತ್ತರೂ ಅಷ್ಟಕ್ಕೇ ಅದು ಹಿಂಸೆಯಾಗದು, ಎಚ್ಚರಗೇಡಿಯಿಂದ ಯಾವ ಜೀವವೂ ಸಾಯದಿದ್ದರೂ ಹಿಂಸೆ ಆಗಿಯೇ ಆಗಿದೆ. ತೋಟಾ ತುಂಬಿಸಿ, ಬೀಗವಿಲ್ಲದ ಮೇಜಿನ ಖಾನೆಯಲ್ಲಿ ಬಿಟ್ಟ ರಿವಾಲ್ವರನ್ನು ಈ ಮಾತಿನ ಬೆಳಕಿನಲ್ಲಿ ನೋಡಬೇಕು. ಐವತ್ತು ವರ್ಷ ಅದನ್ನು ಯಾರೂ ಮುಟ್ಟದಿರಬಹುದು. ಆದರೂ ಐವತ್ತು ವರ್ಷ ಆ ಮನೆಯಲ್ಲಿ ಹಿಂಸೆ ನಡೆಯುತ್ತಲೇ ಇತ್ತು. ಅದೇ ಸೂತ್ರಗ್ರಂಥ ಪಾಪಕ್ಕೆ ಆಧಾರವಾಗುವ ಅಜೀವ ವಸ್ತುಗಳ ವಿಚಾರದಲ್ಲಿ ನಿಕ್ಷೇಪವನ್ನು, ಅಂದರೆ ಇಡುವ ಕ್ರಿಯೆಯನ್ನೇ, ಬೇರೆಯಾಗಿ ಎಣಿಸುತ್ತದೆ. ವ್ಯಾಖ್ಯಾನಕಾರರು ಅದನ್ನೂ ಬಿಡಿಸಿದ್ದಾರೆ: ನೋಡದೆ ಇಡುವುದು, ಸರಿಯಾಗಿ ಶುಚಿಮಾಡದೆ ಇಡುವುದು, ಅವಸರದಲ್ಲಿ ಇಡುವುದು, ಗಮನವಿಲ್ಲದೆ ಎಲ್ಲೋ ಇಡುವುದು. ಬಂದೂಕಿನ ಸುರಕ್ಷತೆ ಕಲಿಸುವ ಯಾವ ತರಬೇತುದಾರನೂ ಇದಕ್ಕೆ ಹೊಸದೊಂದನ್ನು ಸೇರಿಸಲಾರ.

ಆಯುಧ ಜಡ, ದೋಷವೆಲ್ಲ ಕೈಯದು ಎಂದು ಹೇಳುವವರಿದ್ದಾರೆ. ಅಮೆರಿಕದಲ್ಲಿ ಈ ಮಾತು ದಿನವೂ ಕೇಳಿಬರುತ್ತದೆ. ಅರ್ಧ ನಿಜ ಅದರಲ್ಲಿದೆ. ಆದರೆ ಎಲ್ಲ ಜಡವಸ್ತುವೂ ಕೈಯ ತಪ್ಪನ್ನು ಒಂದೇ ರೀತಿ ಸಹಿಸುವುದಿಲ್ಲ. ಯಾವ ರಿವಾಲ್ವರ್ ಎಂಬ ಚರ್ಚೆಗೆ ನೈತಿಕ ಅರ್ಥ ಬರುವುದು ಇಲ್ಲೇ. ಡಬಲ್ ಆ್ಯಕ್ಷನ್ ರಿವಾಲ್ವರಿನಲ್ಲಿ ಟ್ರಿಗರಿನ ಒಂದೇ ಎಳೆತ ಸಿಲಿಂಡರನ್ನು ತಿರುಗಿಸಬೇಕು, ಹ್ಯಾಮರನ್ನು ಹಿಂದಕ್ಕೆ ಎತ್ತಬೇಕು, ಬಿಡಬೇಕು. ರಿಮ್‌ಫೈರ್ ತೋಟಾದಲ್ಲಿ ಕಿಡಿಮದ್ದು ಇರುವುದು ಬುಡದ ಅಂಚಿನ ಮಡಿಕೆಯೊಳಗೆ. ಆ ಅಂಚನ್ನು ಜಜ್ಜಿಯೇ ಹೊತ್ತಿಸಬೇಕಾದ್ದರಿಂದ ಹೊಡೆತ ಬಲವಾಗಿರಬೇಕು, ಅದಕ್ಕೆ ತಕ್ಕಂತೆ ಟ್ರಿಗರೂ ಬಿಗಿ. ಗುರಿಕಾರರು ಈ ಬಿಗಿಯನ್ನು ಬೈಯುತ್ತಾರೆ, ಸ್ಪ್ರಿಂಗ್ ಬದಲಿಸಿ ಹಗುರ ಮಾಡಿಸುತ್ತಾರೆ. ಮೊಮ್ಮಗನಿಗೆಂದು ಇಡುವುದಾದರೆ ಆ ಕೆಲಸ ಬೇಡ. ಆ ಉದ್ದನೆಯ, ಭಾರದ ಎಳೆತ ಬೆರಳಿಗೆ ಹಿಂದಕ್ಕೆ ಬರಲು ಒಂದಿಷ್ಟು ಸಮಯ ಕೊಡುತ್ತದೆ. ಸಿಲಿಂಡರನ್ನು ಪಕ್ಕಕ್ಕೆ ತೆರೆದರೆ ಆರೋ ಎಂಟೋ ಕೋಣೆಗಳು ತುಂಬಿವೆಯೋ ಬರಿದೋ ಎಂದು ಒಂದೇ ನೋಟಕ್ಕೆ ಕಾಣುತ್ತದೆ. ಒಳಗಿರುವುದನ್ನು ಅದು ಬಚ್ಚಿಡುವುದಿಲ್ಲ. ಹ್ಯಾಮರ್ ಮತ್ತು ಫೈರಿಂಗ್ ಪಿನ್ನಿನ ನಡುವೆ, ಟ್ರಿಗರ್ ಪೂರ್ತಿ ಹಿಂದಕ್ಕೆ ಬಂದಾಗ ಮಾತ್ರ ಏರಿ ಬರುವ ಪಟ್ಟಿಯಿರುವ ವಿನ್ಯಾಸವಾದರೆ, ಕೈಜಾರಿ ಬಿದ್ದ ಮಾತ್ರಕ್ಕೆ ಗುಂಡು ಹಾರದು. ಬಾಳಿಕೆಗಿಂತ, ಹೊಳಪಿಗಿಂತ, ಮಾರುಕಟ್ಟೆಯ ಬೆಲೆಗಿಂತ ಈ ಗುಣಗಳನ್ನು ಮೊದಲು ನೋಡಬೇಕೆಂಬುದು ನನ್ನ ನಿಲುವು. ಇವು ಪ್ರಮಾದಕ್ಕೆ ಒಡ್ಡಿದ ಅಡ್ಡಿಗಳು. ಎಚ್ಚರಕ್ಕೆ ಬದಲಿಯಂತೂ ಅಲ್ಲ. ಹೆಬ್ಬೆರಳಿನಿಂದ ಹ್ಯಾಮರನ್ನು ಮೊದಲೇ ಎತ್ತಿಬಿಟ್ಟರೆ ಅದೇ ಟ್ರಿಗರ್ ಹಗುರಾಗಿಬಿಡುತ್ತದೆ. .22 ಎಂದರೆ ಸಾಧು ಎಂಬ ಹೆಸರಿದೆ, ಮಕ್ಕಳಿಗೆ ಮೊದಲು ಕಲಿಸುವುದೂ ಅದರಲ್ಲೇ. ಎರಡೂವರೆ ಗ್ರಾಮಿನಷ್ಟು ತೂಗುವ ಆ ಗುಂಡು ಒಂದು ಕಿಲೋಮೀಟರಿಗೂ ಆಚೆ ಹೋಗಬಲ್ಲದು, ಮನುಷ್ಯನನ್ನು ಕೊಲ್ಲಬಲ್ಲದು. ಸಾಧು ಎಂಬ ಆ ಹೆಸರೇ ಎಚ್ಚರವನ್ನು ಸಡಿಲಿಸುವುದರಿಂದ ನನಗೆ ಅದರ ಬಗ್ಗೆ ಭಯ ಹೆಚ್ಚು.

ಉಕ್ಕು ನೂರು ವರ್ಷ ಬಾಳುತ್ತದೆ, ಎಚ್ಚರ ಒಬ್ಬ ಮನುಷ್ಯನ ಜೊತೆ ಮುಗಿಯುತ್ತದೆ. ತೊಡಕೆಲ್ಲ ಇರುವುದು ಇಲ್ಲಿ. ನಮ್ಮ ದೇಶದ ಕಾನೂನು ಇದನ್ನು ತನ್ನದೇ ರೀತಿಯಲ್ಲಿ ಅರಿತಿದೆ. ಪರವಾನಗಿದಾರ ತೀರಿಕೊಂಡರೆ ಪರವಾನಗಿ ಮಗನಿಗೆ ಇಳಿಯುವುದಿಲ್ಲ. ಆಯುಧವನ್ನು ಒಪ್ಪಿಸಿ, ಅವನು ತನ್ನ ಹೆಸರಿನಲ್ಲಿ ಹೊಸದಾಗಿ ಅರ್ಜಿ ಹಾಕಬೇಕು. ಅಮೆರಿಕದ ಒಕ್ಕೂಟ ಕಾನೂನಿನಲ್ಲಿ ಸಾಮಾನ್ಯ ಕೈಬಂದೂಕು ಇಟ್ಟುಕೊಳ್ಳಲು ಪರವಾನಗಿಯೇ ಬೇಕಿಲ್ಲ. ಬಹುಪಾಲು ರಾಜ್ಯಗಳಲ್ಲಿ ಅಜ್ಜನ ರಿವಾಲ್ವರ್ ಅಜ್ಜನ ಕುರ್ಚಿಯಷ್ಟೇ ಸಲೀಸಾಗಿ ಬರುತ್ತದೆ. ಕಾನೂನು ನಿಲ್ಲಿಸಿ ಕೇಳದ ಕಡೆ ಕೊಡುವವನೇ ಕೇಳಬೇಕಾಗುತ್ತದೆ. ಕೊಡಗಿನಲ್ಲಿ ಕೋವಿ ತಲೆಮಾರುಗಳಿಂದ ಬಂದಿಲ್ಲವೇ, ಕೊಡವರಿಗೂ ಜಮ್ಮಾ ಎಂಬ ಹಳೆಯ ಭೂಹಿಡುವಳಿ ಉಳ್ಳವರಿಗೂ ಪರವಾನಗಿಯಿಂದ ವಿನಾಯಿತಿಯೇ ಇಲ್ಲವೇ ಎಂಬ ಆಕ್ಷೇಪ ಬರುತ್ತದೆ. ಇದೆ, 2019ರಲ್ಲಿ ಕೇಂದ್ರ ಸರ್ಕಾರ ಅದನ್ನು ಇನ್ನೂ 10 ವರ್ಷ ಮುಂದುವರಿಸಿತು. ಆದರೆ ಅಲ್ಲಿ ಕೋವಿಯೊಂದೇ ಬರುವುದಿಲ್ಲ. ಕೈಲ್‌ಪೊಳ್ದ್ ಎಂಬ ಆಯುಧಗಳ ಹಬ್ಬ ಬಂದಾಗ ಅದನ್ನು ತೊಳೆದು, ಹೂವಿಟ್ಟು, ಇಡೀ ಒಕ್ಕದವರ, ಅಂದರೆ ಮನೆತನದವರ, ಕಣ್ಣೆದುರು ಇಡುತ್ತಾರೆ. ತೆಂಗಿನಕಾಯಿಗೆ ಗುರಿ ಹೊಡೆಯುವ ಪಂದ್ಯದಲ್ಲಿ ಹಿರಿಯರ ಮುಂದೆಯೇ ಕಿರಿಯರ ಕೈ ಪಳಗುತ್ತದೆ. ಸುಗ್ಗಿಯ ಹಬ್ಬವಾದ ಪುತ್ತರಿಯಲ್ಲಿ ಕದಿರು ಕೊಯ್ಯುವಾಗ, ಮನೆಯಲ್ಲಿ ಸಾವಾದಾಗ ಹಾರುವ ಗುಂಡಿಗೂ ಎಲ್ಲರಿಗೂ ತಿಳಿದ ಅರ್ಥವಿದೆ. ಸಮಂತಭದ್ರರು ಕೇಳುವ ಪ್ರಯೋಜನಕ್ಕೆ ಒಂದು ಸಮುದಾಯ ಹೀಗೆ ಉತ್ತರ ಕೊಡಬಲ್ಲದು. ಒಂಟಿ ಮನೆಯ ಕಪಾಟಿನಲ್ಲಿ ಬಟ್ಟೆ ಸುತ್ತಿಟ್ಟ ರಿವಾಲ್ವರಿಗೆ ಅಂಥ ಉತ್ತರವಿಲ್ಲ.

ಇಷ್ಟೆಲ್ಲ ತೊಡಕಿರುವಾಗ ಅದನ್ನು ಕರಗಿಸಿಬಿಡುವುದೇ ಧರ್ಮವಲ್ಲವೇ ಎಂಬುದು ಎಲ್ಲಕ್ಕಿಂತ ಗಟ್ಟಿಯಾದ ಆಕ್ಷೇಪ. ಬಳಕೆಯೇ ಇಲ್ಲದ ಮನೆಗೆ ಸಂಬಂಧಿಸಿದಂತೆ ನಾನು ಅದನ್ನು ಪೂರ್ತಿ ಒಪ್ಪುತ್ತೇನೆ. ನೆನಪಿಗಾಗಿ ಇರಲಿ ಎಂಬುದು ಪ್ರಯೋಜನವಲ್ಲ, ನೆನಪಿಗೆ ಗಡಿಯಾರ ಸಾಕು. ಗುರಿ ಅಭ್ಯಾಸವನ್ನು ಶಿಸ್ತಾಗಿ ನಡೆಸಿಕೊಂಡು ಬಂದ ಮನೆಯ ಮಾತು ಬೇರೆ. ಅಲ್ಲಿ ಪ್ರಯೋಜನ ಜೀವಂತವಾಗಿದೆ, ಮುಂದಿನವರು ಅದನ್ನು ಕಣ್ಣಾರೆ ಕಂಡಿದ್ದಾರೆ. ಅಲ್ಲಿಯೂ ಮರಣಪತ್ರದ ಸಾಲಿನಲ್ಲಿ ಕೊಡುವುದು ತಪ್ಪೆಂದೇ ನನಗನಿಸುತ್ತದೆ, ಏಕೆಂದರೆ ಪಡೆಯುವವನ ಎಚ್ಚರವನ್ನು ಪರೀಕ್ಷಿಸಲು ಸತ್ತವನಿಗೆ ಸಾಧ್ಯವಿಲ್ಲ. ಬದುಕಿರುವಾಗಲೇ ಕೊಡಬೇಕು. ಅವನು ಸಿಲಿಂಡರ್ ತೆರೆದು ನೋಡದೆ ಒಮ್ಮೆಯೂ ಎತ್ತಿಕೊಳ್ಳುವುದಿಲ್ಲ, ಒರೆಸದೆ ಇಡುವುದಿಲ್ಲ, ಬೀಗ ಹಾಕದೆ ಎದ್ದುಹೋಗುವುದಿಲ್ಲ ಎಂಬುದನ್ನು ವರ್ಷಗಟ್ಟಲೆ ಕಂಡಮೇಲೆ ಕೊಡಬೇಕು. ಬೇಡವೆನ್ನುವ ಸ್ವಾತಂತ್ರ್ಯವನ್ನೂ ಮುನಿಸಿಲ್ಲದೆ ಕೊಡಬೇಕು. ಮನೆತನದ ಸ್ವತ್ತು ಎಂಬ ಭಾರ ಹೊರಿಸಿದರೆ, ಮನಸ್ಸಿಲ್ಲದವನೂ ಅದನ್ನು ಒಯ್ದು ಮರೆತು ಎಲ್ಲೋ ಇಡುತ್ತಾನೆ. ವ್ಯಾಖ್ಯಾನಕಾರರು ಹೇಳಿದ ನಾಲ್ಕನೆಯ ನಿಕ್ಷೇಪ ಅದೇ. ಅಂಥವನಿಗೆ ಅದನ್ನು ಅಭ್ಯಾಸವುಳ್ಳ ಇನ್ನೊಬ್ಬರಿಗೆ ಕಾನೂನಿನಂತೆ ಮಾರಿಬಿಡಲು, ಇಲ್ಲವೇ ಪೊಲೀಸರಿಗೆ ಒಪ್ಪಿಸಿ ಮುರಿಸಿಬಿಡಲು ಅಜ್ಜನೇ ತನ್ನ ಬಾಯಿಂದ, ಇನ್ನೂ ಗಟ್ಟಿಯಾಗಿರುವಾಗ, ಒಪ್ಪಿಗೆ ಹೇಳಿರಬೇಕು.