ಗಮನಕ್ಕೆ ಒಡೆಯನುಂಟೆ?

ಕಣ್ಣೆದುರು ನೂರು ವಸ್ತುಗಳಿದ್ದರೂ ಒಂದು ಕ್ಷಣದಲ್ಲಿ ಗಮನಕ್ಕೆ ಬರುವುದು ಒಂದೋ ಎರಡೋ. ಆ ಆಯ್ಕೆ ಯಾರದು ಎಂಬುದು ಭಾರತೀಯ ದರ್ಶನಗಳ ಹಳೆಯ ವಿವಾದ.

ಅಕ್ಷಪಾದ ಗೌತಮನ ನ್ಯಾಯಸೂತ್ರ ಮನಸ್ಸಿನ ಇರವನ್ನು ಸಾಧಿಸುವುದೇ ಇಂಥ ಅನುಭವದ ಬಲದಿಂದ. ಇಂದ್ರಿಯಗಳೆಲ್ಲ ತಂತಮ್ಮ ವಿಷಯಗಳನ್ನು ಮುಟ್ಟುತ್ತಿದ್ದರೂ ಜ್ಞಾನಗಳು ಏಕಕಾಲಕ್ಕೆ ಹುಟ್ಟುವುದಿಲ್ಲ. ಹಾಗಾಗಿ ಅಣುವಿನಷ್ಟು ಸಣ್ಣ ಮನಸ್ಸು ಸಲಕ್ಕೊಂದೇ ಇಂದ್ರಿಯವನ್ನು ಕೂಡುತ್ತಿರಬೇಕು. ಮನಸ್ಸಾದರೂ ಉಪಕರಣವೇ, ಕರ್ತೃ ಆತ್ಮ. ಥೇರವಾದಿ ಬೌದ್ಧರ ಅಭಿಧಮ್ಮ ಇದನ್ನೊಪ್ಪದು. ಅದರ ಪ್ರಕಾರ ಮನಸಿಕಾರವು, ಅಂದರೆ ಗಮನವು, ಪ್ರತಿಯೊಂದು ಚಿತ್ತದೊಡನೆ ಹುಟ್ಟುವ ಏಳು ಚೈತಸಿಕಗಳಲ್ಲಿ (ಮನೋಧರ್ಮಗಳಲ್ಲಿ) ಒಂದು. ಗಮನವುಂಟು, ಗಮನಿಸುವ ಒಡೆಯನಿಲ್ಲ.

1985ರಲ್ಲಿ ಕ್ರಿಸ್ಟಾಫ್ ಕಾಕ್ ಮತ್ತು ಶಿಮೊನ್ ಉಲ್ಮನ್ ಮಿದುಳನ್ನು ಅನುಸರಿಸಿ ರೂಪಿಸಿದ ದೃಷ್ಟಿಗಮನದ ಮಾದರಿ ಈ ವಿವಾದಕ್ಕೆ ಹೊಸ ಸಾಕ್ಷಿ. ಬಣ್ಣ, ಓರೆ, ಚಲನೆಗಳಿಗೆ ಬೇರೆಬೇರೆ ನಕ್ಷೆಗಳು. ಸುತ್ತಲಿನದಕ್ಕಿಂತ ಭಿನ್ನವಾದ ಜಾಗಕ್ಕೆ ಹೆಚ್ಚು ಬಲ. ಇವೆಲ್ಲ ಸೇರಿ ಆಗುವ ಒಂದೇ ನಕ್ಷೆಯಲ್ಲಿ ನರಕೋಶಗಳಂಥ ಘಟಕಗಳು ಒಂದನ್ನೊಂದು ತುಳಿಯುತ್ತವೆ, ಪ್ರಬಲವಾದದ್ದು ಉಳಿಯುತ್ತದೆ. ಗೆದ್ದ ಜಾಗವನ್ನು ಸ್ವಲ್ಪ ಹೊತ್ತು ಅಡಗಿಸಿದರೆ ಗಮನ ಮುಂದಿನದಕ್ಕೆ ಸರಿಯುತ್ತದೆ. 1998ರಲ್ಲಿ ಲಾರೆಂಟ್ ಇಟ್ಟಿ, ಕಾಕ್ ಮತ್ತು ಅರ್ನ್ಸ್ಟ್ ನೀಬರ್ ಇದೇ ಜಾಡಿನ ಮಾದರಿಯೊಂದನ್ನು ಕಂಪ್ಯೂಟರಿನಲ್ಲಿ ನಡೆಸಿ ತೋರಿಸಿದರು.

ಇಲ್ಲಿ ಆಯ್ಕೆ ನಡೆಯಿತು, ಆಯುವವನು ಕಾಣಲಿಲ್ಲ. ನೈಯಾಯಿಕನಿಗೆ ನಿಜವಾದ ಪೆಟ್ಟು ಬೀಳುವುದು ಇನ್ನೊಂದು ಕಡೆ. ಸಲಕ್ಕೊಂದೇ ಎಂಬ ನಿಯಮ ಪರಸ್ಪರ ತಡೆಯಿಂದಲೇ ಬರಬಹುದಾದರೆ ಅಣುಮನಸ್ಸಿಗೆ ಕೊಟ್ಟ ಹೇತು ಅವನದೇ ಪರಿಭಾಷೆಯಲ್ಲಿ ಅನ್ಯಥಾಸಿದ್ಧ, ಅಂದರೆ ಬೇರೆ ರೀತಿಯಲ್ಲೂ ವಿವರಿಸಬಹುದಾದದ್ದು. (ಮಾದರಿ ಕಣ್ಣೊಂದರದು, ಸೂತ್ರ ಎಲ್ಲ ಇಂದ್ರಿಯಗಳದು, ಆದರೆ ಅದೇ ತಡೆಯನ್ನು ಇಂದ್ರಿಯಗಳ ನಡುವೆಯೂ ಕಲ್ಪಿಸಲು ತೊಡಕಿಲ್ಲ.)

ಬೌದ್ಧ ಪಕ್ಷ ಗೆದ್ದಿತೆನ್ನುವುದು ಮಾತ್ರ ಅವಸರ. ಕೆಂಪು ಪೆನ್ನು ಹುಡುಕುವವನಿಗೆ ಕೆಂಪೆಲ್ಲ ಎದ್ದು ಕಾಣುತ್ತದೆ. ರಾಬರ್ಟ್ ಡೆಸಿಮೋನ್ ಮತ್ತು ಜಾನ್ ಡಂಕನ್ 1995ರಲ್ಲಿ ವಿವರಿಸಿದಂತೆ, ಮಿದುಳಿನೊಳಗಿನ ಸ್ಪರ್ಧೆಯನ್ನು ಗುರಿಯೊಂದು ಒಂದು ಕಡೆಗೆ ವಾಲಿಸುತ್ತದೆ. 1998ರ ಮಾದರಿಗೆ ಗುರಿಯೇ ಇಲ್ಲ. ಗುರಿಯಿರುವ ಮಾದರಿಗಳಿಗೆ ಅದನ್ನು ಸಾಮಾನ್ಯವಾಗಿ ಕೊಡುವವನು ತಂತ್ರಜ್ಞ. ಪೆನ್ನು ಬೇಕೆನಿಸಿದ್ದು ಯಾರಿಗೆ ಎಂಬುದು ಹಾಗೆಯೇ ಉಳಿಯಿತು. ನ್ಯಾಯಸೂತ್ರ ಇಚ್ಛೆ, ಪ್ರಯತ್ನಗಳನ್ನು ಎಣಿಸುವುದು ಮನಸ್ಸಿನ ಗುರುತಾಗಿ ಅಲ್ಲ, ಆತ್ಮದ ಗುರುತಾಗಿ. ಅಲ್ಲಿಯವರೆಗೆ ಈ ಮಾದರಿಗಳು ತಲುಪಿಲ್ಲ. ಇಚ್ಛೆಯೂ ಹಿಂದಿನ ಕಾರಣಗಳ ಫಲವೇ ಎಂದು ಬೌದ್ಧ ಉತ್ತರಿಸುತ್ತಾನೆ. ಆದರೆ ಅದು ಅವನ ಸಿದ್ಧಾಂತ, ನಕ್ಷೆಗಳು ತೋರಿಸಿದ್ದಲ್ಲ.