ನೀನೇ ಹೇಳಪ್ಪ, ಎಷ್ಟು ಕೊಡ್ತೀಯ

ನಿಮಗೆ ಒಂದು ವಸ್ತುವಿನ ಬೆಲೆ ಗೊತ್ತು. ಅದರ ಒಡೆಯರಿಗೆ ಗೊತ್ತಿಲ್ಲ. ಅವರು ಮಾರೋಕೆ ತಯಾರು, ನೀವು ಕೊಳ್ಳೋಕೆ ತಯಾರು. ಬಾಯಿ ಬಿಡಬೇಕಾ, ಬೇಡವಾ? ಹೀಗೆ ಕೇಳಿದರೆ ನಮ್ಮಲ್ಲಿ ಮುಕ್ಕಾಲು ಜನ "ಬಿಡಬೇಕು, ಅದರಲ್ಲೇನಿದೆ" ಅಂತೀವಿ. ಆದರೆ ಓಎಲ್‌ಎಕ್ಸ್‌ನಲ್ಲಿ ಯಾರೋ ಪಾಪ ತಾತನ ಕ್ಯಾಮೆರಾ ಲೆನ್ಸನ್ನು ಗೊತ್ತಿಲ್ಲದೆ ಕಾಲು ಬೆಲೆಗೆ ಹಾಕಿದ್ದರೆ, ಒಂದು ಮಾತಾಡದೆ ದುಡ್ಡು ಕಳಿಸಿ, ಸಂಜೆ ಗೆಳೆಯರಿಗೆ ತೋರಿಸಿ ಮೆರೀತೀವಿ.

ರಾಯಲ್ಪಾಡಿನ ಒಂದು ಮನೆಯಲ್ಲಿ ಈ ಪ್ರಶ್ನೆ ನನ್ನೆದುರಿಗೆ ಬಂದು ಕೂತಿತು. ಶ್ರೀನಿವಾಸಪುರ ತಾಲ್ಲೂಕಿನ ಊರು, ಸುತ್ತ ಮಾವಿನ ತೋಟ, ಗಡಿ ದಾಟಿದರೆ ಆಂಧ್ರದ ಮದನಪಲ್ಲಿ. ಮನೆಯೊಳಗೆ ತೆಲುಗು, ಶಾಲೆಯಲ್ಲಿ ಕನ್ನಡ. ಜೊತೆಗಿದ್ದ ಗೆಳೆಯನಿಗೆ ಹಳೇ ಅಚ್ಚಿನ ಚಿತ್ರಗಳ ಹುಚ್ಚು. ನಮಗೆ ಪರಿಚಯದ ಮನೆ, ಎಂಬತ್ತರ ಹತ್ತಿರದ ಅಜ್ಜಿ. ಗೆಳೆಯ ಚಪ್ಪಲಿ ಬಿಡುತ್ತಲೇ "ಅಮ್ಮಾ, ಚೆನ್ನಾಗಿದ್ದೀರಾ" ಅಂದ. ಈ "ಅಮ್ಮಾ" ಅನ್ನೋದು ನೆನಪಿರಲಿ.

ಪಡಸಾಲೆಯ ಗೋಡೆಯಲ್ಲಿ ಎರಡು ಚಿತ್ರ. ಒಂದು ರವಿವರ್ಮನ ಲಕ್ಷ್ಮಿ, ಗಾಜಿನ ಮೇಲೆ ಕುಂಕುಮ. 1894ರಲ್ಲಿ ಬೊಂಬಾಯಿಯಲ್ಲಿ ಶುರುವಾದ ರವಿವರ್ಮನ ಪ್ರೆಸ್ಸು ಇಂಥ ಬಣ್ಣದ ಅಚ್ಚುಗಳನ್ನು ಊರೂರಿಗೆ ಹಂಚಿಬಿಟ್ಟಿತ್ತು, ಹಾಗಾಗಿ ಗೆಳೆಯ ಅದರ ಕಡೆ ತಿರುಗಲೂ ಇಲ್ಲ. ಪಕ್ಕದಲ್ಲಿ ಧೂಳು ಹಿಡಿದ ಸಣ್ಣದೊಂದು ಕಪ್ಪು-ಬಿಳುಪು ಚಿತ್ರ, ನದಿ ದಂಡೆ, ಎರಡು ದೋಣಿ. ಅದರ ಮುಂದೆ ನಿಂತವನು ಅಲ್ಲಾಡಲೇ ಇಲ್ಲ.

ಅವನು ಏನು ನೋಡ್ತಿದ್ದ ಅಂತ ಹೇಳಿಬಿಡ್ತೀನಿ, ನಿಮ್ಮ ಊರಿನ ಮನೆಯಲ್ಲೂ ಇಂಥದ್ದು ಇರಬಹುದು. ಎಚಿಂಗ್ ಅಂದರೆ ತಾಮ್ರದ ತಗಡಿಗೆ ಮೇಣದಂಥ ಲೇಪ ಹಚ್ಚಿ, ಸೂಜಿಯಿಂದ ಗೀರಿ, ಆಸಿಡ್‌ನಲ್ಲಿ ಅದ್ದುವುದು. ಗೀರಿದ ಕಡೆ ಆಸಿಡ್ ತಾಮ್ರವನ್ನು ತಿನ್ನುತ್ತೆ. ಆ ಗೀರುಗಳಿಗೆ ಮಸಿ ತುಂಬಿ, ಒದ್ದೆ ಕಾಗದ ಇಟ್ಟು, ರೋಲರ್ ಕೆಳಗೆ ಒತ್ತುತ್ತಾರೆ. ಒತ್ತಿದ ತಗಡಿನ ಅಂಚು ಚಿತ್ರದ ಸುತ್ತ ತಗ್ಗಾದ ಚೌಕವಾಗಿ ಉಳಿಯುತ್ತೆ. ಮಸಿ ಕಾಗದದ ಮೇಲೆ ಕೂದಲೆಳೆಯಷ್ಟು ಉಬ್ಬಿರುತ್ತೆ. ಭೂತಗನ್ನಡಿ ಹಿಡಿದಾಗ ಕ್ಯಾಲೆಂಡರ್ ಚಿತ್ರದ ಥರ ಚುಕ್ಕೆಚುಕ್ಕೆ ಕಂಡರೆ ಅದು ಬರೀ ನಕಲು. ಇಲ್ಲಿ ಚುಕ್ಕೆ ಇರಲಿಲ್ಲ, ತಗ್ಗಿತ್ತು. ಕೆಳಗೆ ಬಲಕ್ಕೆ ಪೆನ್ಸಿಲ್‌ನ ಸಹಿ, ಓರೆಯಾಗಿ ನೋಡಿದರೆ ಮಿಂಚುತ್ತಿತ್ತು. ಯಾರ ಸಹಿ ಅಂತ ಬರೆಯಲ್ಲ. ಬರೆದರೆ ಈ ಭಾನುವಾರವೇ ಯಾರಾದರೂ ಕಾರು ತಗೊಂಡು ರಾಯಲ್ಪಾಡಿಗೆ ಹೊರಡ್ತಾರೆ.

ಆ ಮೂಲೆಗೆ ಅದು ಬಂದದ್ದು ಹೇಗೆ ಅನ್ನೋದು ದೊಡ್ಡ ಒಗಟೇನಲ್ಲ. ಅಜ್ಜಿಯ ಮಾವ ಮದನಪಲ್ಲಿಯಲ್ಲಿ ಮೇಷ್ಟ್ರಾಗಿದ್ದರಂತೆ. 1919ರಲ್ಲಿ ಟಾಗೋರ್ ಬಂದು ತಂಗಿದ್ದು, ಜನಗಣಮನವನ್ನು ಇಂಗ್ಲಿಷಿಗೆ ತಂದದ್ದು ಅಲ್ಲಿನ ಥಿಯಾಸಫಿಕಲ್ ಕಾಲೇಜಿನಲ್ಲೇ. ಟಾಗೋರರ ಜೊತೆ 1916ರಲ್ಲಿ ಅಮೆರಿಕಕ್ಕೆ ಹೋಗಿದ್ದ ಮುಕುಲ್ ಡೇ ಎಚಿಂಗ್ ಕಲಿತು ಬಂದು, ನಮ್ಮಲ್ಲಿ ಅದನ್ನು ಕಲೆಯಾಗಿ ಬೆಳೆಸಿದ ಮೊದಲಿಗರಲ್ಲಿ ಒಬ್ಬನಾದ. ಬಂಗಾಳಕ್ಕೂ ಮದನಪಲ್ಲಿಗೂ ನಂಟಿದ್ದ ಕಾಲ ಅದು. ಮೇಷ್ಟ್ರ ಕೈಗೆ ಒಂದು ಚಿತ್ರ ಬಂದಿದ್ದರೆ ಆಶ್ಚರ್ಯ ಏನು?

ಈ ಪೆನ್ಸಿಲ್ ಸಹಿಯ ಮಹಿಮೆಯೂ ವಿಚಿತ್ರವೇ. ರೆಂಬ್ರಾಂಟ್ ಕಾಲದಲ್ಲಿ ಸಹಿಯನ್ನು ತಗಡಿನಲ್ಲೇ ಗೀರುತ್ತಿದ್ದರು. ಒಂದೊಂದು ಪ್ರತಿಗೂ ಕೈಯಾರೆ ಸಹಿ ಹಾಕುವ ರೂಢಿ ವಿಸ್ಲರ್‌ನಂಥವರಿಂದ 19ನೇ ಶತಮಾನದ ಕೊನೆಗೆ ಬಲವಾಯ್ತು. ಪ್ರತಿಗಳು ಇಷ್ಟೇ ಅಂತ ಗೊತ್ತಾಗಲಿ ಅಂತ ಕೊನೆಗೆ ತಗಡಿನ ಮೇಲೆ ಅಡ್ಡಗೀಟು ಎಳೆದು ಕೆಡಿಸೋದೂ ಉಂಟು. ಸಹಿಗೆ ಬೆಲೆ ಬಂದಮೇಲೆ ಸಹಿಯೊಂದೇ ಸಾಕು ಅನ್ನೋರೂ ಹುಟ್ಟಿದರು: ಸಾಲ್ವಡಾರ್ ಡಾಲಿ ಸಹಿ ಹಾಕಿದ್ದ ಖಾಲಿ ಹಾಳೆಗಳ ಒಂದು ಲಾರಿಯನ್ನೇ 1974ರಲ್ಲಿ ಫ್ರಾನ್ಸಿನ ಕಸ್ಟಮ್ಸ್‌ನವರು ಹಿಡಿದರು. ಚಿತ್ರವೇ ಇಲ್ಲ, ಬೆಲೆ ಮಾತ್ರ ಇದೆ! ಅಜ್ಜಿಯ ಲೆಕ್ಕ ಇದಕ್ಕೆ ಪೂರ್ತಿ ಉಲ್ಟಾ. "ಆ ಕಪ್ಪುದು ಬೇಕಾದ್ರೆ ತಗೊಂಡ್ಹೋಗು, ಲಕ್ಷ್ಮಿಯನ್ನ ಮಾತ್ರ ಕೇಳ್ಬೇಡ" ಅಂದರು.

ಗೆಳೆಯ "ಎಷ್ಟಮ್ಮಾ" ಅಂದ. ಅವರು ನಕ್ಕು, "ನುವ್ವೇ ಚೆಪ್ಪು ನಾಯನಾ" ಅಂದರು. ನೀನೇ ಹೇಳಪ್ಪ. ಅವನು "ಮೂರು ಸಾವಿರ" ಅಂದ. ಅಜ್ಜಿಯ ಮುಖ ಅರಳಿತು. ಅದು ಹತ್ತು ಪಟ್ಟಿಗೂ ಮೀರಿ ಬಾಳುತ್ತೆ ಅಂತ ದಾರಿಯುದ್ದಕ್ಕೂ ಅವನ ಪಾಠ ಕೇಳಿದ್ದ ನನಗೇ ಗೊತ್ತಿತ್ತು. ನಾನು ಬಾಯಿ ಬಿಟ್ಟೆ. "ಅಮ್ಮಾ, ಇದಕ್ಕೆ ಇನ್ನೂ ತುಂಬಾ ಸಿಗುತ್ತೆ. ಮಕ್ಕಳನ್ನ ಕೇಳಿ, ಇನ್ನೊಬ್ಬರಿಗೆ ತೋರಿಸಿ ಆಮೇಲೆ ಕೊಡಿ."

ವಾಪಸ್ ಬರುವಾಗ ಕಾರಿನಲ್ಲಿ ಅರ್ಧ ಗಂಟೆ ಮೌನ, ಆಮೇಲೆ ಜಗಳ. ಅವನ ವಾದವನ್ನು ತಳ್ಳಿಹಾಕುವಂತಿಲ್ಲ. ಹತ್ತು ವರ್ಷ ದುಡ್ಡು, ಕಣ್ಣು ಎರಡೂ ಸವೆಸಿ ಕಲಿತ ವಿದ್ಯೆ ಅದು. ಅವನು ಹೋಗದಿದ್ದರೆ ಆ ಚಿತ್ರ ಗೆದ್ದಲಿಗೆ. ಅವರು ಕೇಳಿದ್ದಕ್ಕಿಂತ ಕಡಿಮೆ ಏನೂ ಕೊಟ್ಟಿಲ್ಲ, ಸುಳ್ಳೂ ಹೇಳಿಲ್ಲ. "ಶ್ರೀನಿವಾಸಪುರದ ಮಂಡಿಯವರು ಹೂವಿನಲ್ಲೇ ತೋಟ ಗುತ್ತಿಗೆ ಹಿಡಿಯಲ್ವಾ? ಅವರೇನು ರೈತನಿಗೆ ಲಾಭದ ಲೆಕ್ಕ ಒಪ್ಪಿಸ್ತಾರಾ?"

ಮಾವಿನ ಉದಾಹರಣೆ ಜಾಣತನದ್ದು, ಆದರೆ ನಿಲ್ಲೋದಿಲ್ಲ. ಹೂವು ಕಾಯಾಗುತ್ತೋ, ಆಲಿಕಲ್ಲು ಬೀಳುತ್ತೋ ಅನ್ನೋದು ಇಬ್ಬರಿಗೂ ಗೊತ್ತಿಲ್ಲ. ತಾನು ಆಡ್ತಿರೋದು ಜೂಜು ಅಂತ ರೈತನಿಗೆ ಗೊತ್ತಿರುತ್ತೆ. ಅಜ್ಜಿಗೆ ಅಲ್ಲಿ ಆಟವೊಂದು ನಡೀತಿದೆ ಅನ್ನೋದೇ ಗೊತ್ತಿರಲಿಲ್ಲ.

ಕಾನೂನು ಅವನ ಕಡೆಗೇ ಸ್ವಲ್ಪ ವಾಲುತ್ತೆ. 1872ರ ಕರಾರು ಕಾಯ್ದೆಯ 17ನೇ ಕಲಂ ಪ್ರಕಾರ ಬರೀ ಸುಮ್ಮನಿರೋದು ಮೋಸವಲ್ಲ. ವ್ಯಾಪಾರಿಗಳಿಬ್ಬರಲ್ಲಿ ಒಬ್ಬನಿಗೆ ಬೆಲೆ ಬದಲಾದ ಸುದ್ದಿ ಮೊದಲೇ ಸಿಕ್ಕರೆ ಇನ್ನೊಬ್ಬನಿಗೆ ಹೇಳಬೇಕಾಗಿಲ್ಲ ಅಂತ ಅದರಲ್ಲೇ ಉದಾಹರಣೆ ಇದೆ. ಆದರೆ ಅದೇ ಕಲಂನಲ್ಲಿ ಇನ್ನೆರಡು ಉದಾಹರಣೆಗಳಿವೆ, ಎರಡೂ ಕುದುರೆಯದು. ಆಗಷ್ಟೇ ಪ್ರಾಯಕ್ಕೆ ಬಂದ ಮಗಳಿಗೆ ಊನವಿರುವ ಕುದುರೆ ಮಾರುವ ಅಪ್ಪ ಊನವನ್ನು ಹೇಳಲೇಬೇಕು, ಸಂಬಂಧ ಅಂಥದ್ದು. ಕೊಳ್ಳುವವನು "ನೀನು ಅಲ್ಲ ಅನ್ನದಿದ್ದರೆ ಕುದುರೆ ಸರಿಯಿದೆ ಅಂದ್ಕೋತೀನಿ" ಅಂದಾಗ ಮಾರುವವನು ಸುಮ್ಮನಿದ್ದರೆ, ಆ ಮೌನವೇ ಮಾತು.

ಇಲ್ಲಿ ಮಾರುವವರು ಅಜ್ಜಿ, ಊನ ಕಡಿಮೆ ಬೆಲೆಯಲ್ಲಿ. ಅಷ್ಟು ಬದಲಾಯಿಸಿ ನೋಡಿ. "ನೀನೇ ಹೇಳಪ್ಪ" ಅಂದಾಗ ಅವರು ಚೌಕಾಸಿ ಮಾಡ್ತಿರಲಿಲ್ಲ. ಬೆಲೆ ಕಟ್ಟುವ ಕೆಲಸವನ್ನು ನಂಬಿಕೆಯ ಮೇಲೆ ಅವನಿಗೆ ವಹಿಸಿದರು. ಬಾಗಿಲಲ್ಲಿ ಅಮ್ಮಾ ಅಂದವನು ಪಡಸಾಲೆಗೆ ಬಂದಮೇಲೆ ಬರೀ ಗಿರಾಕಿ ಆಗಿಬಿಡೋದು ಹೇಗೆ? ಅವಳೇ ಒಂದು ರೇಟು ಹೇಳಿ ಇವನು ಒಪ್ಪಿದ್ದರೆ ನಾನು ಇಷ್ಟು ಗಟ್ಟಿಯಾಗಿ ವಾದಿಸ್ತಿರಲಿಲ್ಲ. ಹರಾಜಿನಲ್ಲಾದರೆ ಬಾಯಿ ಬಿಡ್ತಾನೇ ಇರಲಿಲ್ಲ. ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ಹಿಂದೆ ನಾಲ್ಕು ಜನ ರೀಲರುಗಳು ಕೂಗುತ್ತಿದ್ದ ರೇಟೇ ರೈತನಿಗೆ ಸುದ್ದಿ ಮುಟ್ಟಿಸುತ್ತಿತ್ತು. ಪಡಸಾಲೆಯಲ್ಲಿ ಅಂಥ ಎರಡನೇ ದನಿ ಇಲ್ಲ.

ವಿದ್ಯೆಗೆ ಕೂಲಿ ಬೇಡವಾ? ಬೇಕು. ಇದು ಇಂಥವರದ್ದು, ಇಷ್ಟಾಗಬಹುದು, ಗುರುತಿಸಿದ್ದಕ್ಕೆ ನನಗಿಷ್ಟು ಅಂತ ಕೇಳಬಹುದಿತ್ತು. ಕೇಳಿ ಪಡೆದ ಕೂಲಿಗೂ ಕೇಳದೆ ಉಳಿಸಿಕೊಂಡ ಲಾಭಕ್ಕೂ ಮೊತ್ತ ಒಂದೇ ಇದ್ದರೂ ನನಗೆ ಅವೆರಡು ಒಂದೇ ಅಲ್ಲ.

ನಿಜ ಹೇಳಿದ್ದರಿಂದ ಎಲ್ಲರಿಗೂ ಸುಖವಾಯ್ತು ಅಂದ್ಕೋಬೇಡಿ. ಐವತ್ತು ವರ್ಷ ಗೋಡೆಯಲ್ಲಿ ಯಾರೂ ನೋಡದೆ ಇದ್ದ ಚಿತ್ರ ಈಗ ಹಳೇ ಬೆಡ್‌ಶೀಟಿನಲ್ಲಿ ಸುತ್ತಿ ಬೀರು ಸೇರಿದೆ. ಬೆಂಗಳೂರಿನ ಮಗನಿಗೂ ಮದನಪಲ್ಲಿಯ ಮಗನಿಗೂ ಮಾತು ಕಡಿಮೆಯಾಗಿದೆ. ಯಾರೋ ಅದನ್ನು ವಿದೇಶಕ್ಕೆ ಕಳಿಸಬಹುದು ಅಂದರಂತೆ. ನೂರು ವರ್ಷ ದಾಟಿದ್ದರೆ 1972ರ ಪ್ರಾಚ್ಯವಸ್ತು ಕಾಯ್ದೆಯಲ್ಲಿ ಅದು ಆಗೋ ಮಾತಲ್ಲ ಅಂತ ನಾನೇ ವಿವರಿಸಿದೆ. "ನೋಡು, ನಿನ್ನ ಸತ್ಯ ಮಾಡಿದ ಕೆಲಸ" ಅಂತ ಗೆಳೆಯ ಈಗಲೂ ಚುಚ್ಚುತ್ತಾನೆ. ಅವರ ಮನೆಯ ನೆಮ್ಮದಿಯನ್ನು ಮೂರು ಸಾವಿರಕ್ಕೆ ನಾವು ಕೊಂಡುಕೊಂಡು ಅವರಿಗೇ ಉಡುಗೊರೆ ಕೊಡೋಕೆ ಯಾರು ಅಂತ ನಾನೂ ತಿರುಗಿ ಕೇಳ್ತೀನಿ. ಅದಕ್ಕೆ ಅವನ ಉತ್ತರ ಇನ್ನೂ ಬಂದಿಲ್ಲ.

ಮೊನ್ನೆ ಹಿರಿಯ ಮಗ ಅವನಿಗೇ ಫೋನ್ ಮಾಡಿದ್ದ. ಫ್ರೇಮಿನ ಹಿಂದಿನ ರಟ್ಟು ಕಂದಿ ಕಾಗದಕ್ಕೆ ಕಲೆ ಹಿಡೀತಿದೆ, ಬಿಚ್ಚಿಸಿ ನೋಡಿಕೊಡಬೇಕು, ಇಬ್ಬರೂ ಅಣ್ಣತಮ್ಮ ಬರ್ತೀವಿ, ನಿಮ್ಮ ಫೀಸು ಎಷ್ಟು ನೀವೇ ಹೇಳಿ ಅಂದನಂತೆ. ಗೆಳೆಯ ಎರಡು ದಿನ ಟೈಮ್ ಕೇಳಿದ್ದಾನೆ.